ಇಳಿಜಾರಿನ ಪಾಠ ಬಯಲಿನಲ್ಲಿ

ಬೆಟ್ಟದ ಕಲ್ಲುಮಣ್ಣಿನ ಹಾದಿಗಳಿಗೆಂದೇ ರೂಪಿಸಲಾದ, ಅಗಲವಾದ ಗಡುಸು ಟೈರುಗಳ ಸೈಕಲ್ಲಿಗೆ ಮೌಂಟನ್ ಬೈಕ್ ಎಂದು ಹೆಸರು. ಈ ಸವಾರಿಗೆ ಮೊದಲು ಬೇಕಾದದ್ದು ಎದೆಗಾರಿಕೆ ಎಂದು ಹೊಸಬರು ಭಾವಿಸುವುದು ಸಹಜವಾದರೂ, ಇಲ್ಲಿ ಧೈರ್ಯವೆಂಬುದು ಕೌಶಲವನ್ನು ಹಿಂಬಾಲಿಸಿ ಬರುವಂಥದ್ದು. ಆ ಕೌಶಲದ ಮೊದಲ ಅಂಶ ವೇಗವಲ್ಲ, ನಿಲ್ಲಿಸುವ ಹಿಡಿತ.

ಕ್ರೀಡೆಯ ಚರಿತ್ರೆಯೂ ಬ್ರೇಕಿನಿಂದಲೇ ಆರಂಭವಾಗುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನೇರಿ ಬೆಟ್ಟವಿಳಿಯುವ ಪಂದ್ಯವೊಂದು ಶುರುವಾಯಿತು. ಪೆಡಲನ್ನು ಹಿಮ್ಮುಖವಾಗಿ ತುಳಿದು ಹಿಡಿಯುವ ಅವುಗಳ ಬ್ರೇಕು ಕಾದು, ಹಿಂಚಕ್ರದ ಹಬ್ಬಿನಲ್ಲಿದ್ದ ಗ್ರೀಸ್ ಹೊಗೆಯಾಗಿ ಹೋಗಿ, ಅದನ್ನು ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಪಂದ್ಯಕ್ಕೆ ‘ಮರುತುಂಬುವಿಕೆ’ ಎಂಬ ಅರ್ಥದ ‘ರೀಪ್ಯಾಕ್’ ಎಂಬ ಹೆಸರು ಬಂತು. ಅಲ್ಲಿ ಬೆಳೆದ ಹವ್ಯಾಸವೇ 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಪದಕದ ಸ್ಪರ್ಧೆಯಾಯಿತು.

ಇಂದಿನ ಸೈಕಲ್ಲಿನ ಎರಡೂ ಚಕ್ರಗಳಿಗೆ ಸಮರ್ಥವಾದ ಡಿಸ್ಕ್ ಬ್ರೇಕುಗಳಿದ್ದರೂ ಅವುಗಳ ಸ್ವಭಾವವನ್ನು ಅರಿಯಬೇಕಾಗುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ಮುಂಚಕ್ರ ನೆಲವನ್ನು ಬಿಗಿಯಾಗಿ ಕಚ್ಚುವುದರಿಂದ, ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅದರದ್ದೇ. ಆದರೆ ಅದನ್ನು ತಟ್ಟನೆ ಬಿಗಿದರೆ ಸವಾರ ಹ್ಯಾಂಡಲಿನ ಮೇಲಿಂದ ಮುಗ್ಗರಿಸುವ ಅಪಾಯವಿರುವುದರಿಂದ, ಒಂದೊಂದೇ ಬೆರಳಿನಿಂದ ಎರಡೂ ಬ್ರೇಕುಗಳನ್ನು ಮೆಲ್ಲನೆ ಒತ್ತುವುದನ್ನು ಬಯಲಿನಲ್ಲಿಯೇ ರೂಢಿಸಿಕೊಳ್ಳುವುದು ಲೇಸು. ತಿರುವಿನೊಳಗೆ ಬ್ರೇಕ್ ಹಿಡಿದರೆ ಟೈರು ಜಾರುವ ಸಂಭವ ಹೆಚ್ಚಾದ್ದರಿಂದ ವೇಗವನ್ನು ತಿರುವಿಗೆ ಮುಂಚೆಯೇ ತಗ್ಗಿಸಬೇಕು.

ಎರಡನೆಯದು ನಿಲುವು. ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಎರಡು ಪೆಡಲುಗಳನ್ನೂ ಒಂದೇ ಮಟ್ಟದಲ್ಲಿರಿಸಿ, ಮೊಣಕಾಲು ಮೊಣಕೈಗಳನ್ನು ಸಡಿಲವಾಗಿ ಬಾಗಿಸಿ, ಭಾರವನ್ನು ಕೈಗಳ ಬದಲು ಪಾದಗಳ ಮೇಲೆ ಹಾಕಿ ನಿಂತರೆ, ಕಲ್ಲುಬೇರುಗಳ ಕುಲುಕಾಟವನ್ನು ಕೈಕಾಲುಗಳೇ ಹೀರಿಕೊಳ್ಳುತ್ತವೆ. ಇದಕ್ಕೆ ಸೀಟು ಅಡ್ಡಬಾರದಂತೆ, ಸವಾರಿಯ ನಡುವೆಯೇ ಗುಂಡಿಯೊತ್ತಿ ಅದನ್ನು ತಗ್ಗಿಸುವ ‘ಡ್ರಾಪರ್ ಪೋಸ್ಟ್’ ಎಂಬ ಕಂಬವನ್ನು ಹಲವು ಸೈಕಲ್ಲುಗಳಿಗೆ ಅಳವಡಿಸಿರುತ್ತಾರೆ. ಮೂರನೆಯದು ದೃಷ್ಟಿ: ಕಣ್ಣು ನೆಟ್ಟ ಕಡೆಗೇ ಸೈಕಲ್ಲು ಸಾಗುವುದರಿಂದ, ಎದುರಿನ ಬಂಡೆಯನ್ನೇ ದಿಟ್ಟಿಸದೆ ಅದರಾಚೆಗಿನ ಹಾದಿಯನ್ನು ನೋಡುವ ಅಭ್ಯಾಸ ಅಗತ್ಯ.

ಉತ್ತರ ಅಮೆರಿಕದ ಹಾದಿಗಳಲ್ಲಿ ಸುಲಭಕ್ಕೆ ಹಸಿರು ವೃತ್ತ, ಮಧ್ಯಮಕ್ಕೆ ನೀಲಿ ಚೌಕ, ಕಠಿಣಕ್ಕೆ ಕಪ್ಪು ವಜ್ರದ ಗುರುತುಗಳಿರುತ್ತವೆ. ಹಸಿರು ಹಾದಿಯೊಂದನ್ನೇ ಮತ್ತೆ ಮತ್ತೆ ಸವಾರಿ ಮಾಡಿ, ಕಷ್ಟದ ಜಾಗದಲ್ಲಿ ಸಂಕೋಚವಿಲ್ಲದೆ ಇಳಿದು, ನಡೆದು ನೋಡಿ, ಆಮೇಲೆ ಪ್ರಯತ್ನಿಸುವವನಿಗೆ ಬೇಕಾದಲ್ಲಿ ನಿಲ್ಲಬಲ್ಲೆನೆಂಬ ಭರವಸೆ ಮೂಡುತ್ತದೆ. ನೀಲಿ ಗುರುತಿನ ಹಾದಿಗೆ ಅವನನ್ನು ಒಯ್ಯುವುದು ಆ ಭರವಸೆಯೇ.