ಕರಾವಳಿಯ ಮೈಗೆ ಹಿಮದೂರಿನ ಬಟ್ಟೆ

ಹೊನ್ನಾವರದಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯವಿದೆ. ಜನವರಿಯ ನಡುರಾತ್ರಿಯಲ್ಲೂ ಅಲ್ಲಿ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕೆಳಗಿಳಿದರೆ ಭಟ್ಕಳದಿಂದ ಕುಮಟೆಯವರೆಗೆ ಎಲ್ಲರ ಬಾಯಲ್ಲೂ ಥಂಡಿಯದೇ ಮಾತು. ಹೀಗೆ ಸೆಖೆಯಲ್ಲೇ ಬೆಳೆದವರು ಮನಾಲಿಗೋ ಗುಲ್ಮಾರ್ಗಕ್ಕೋ ಕೇದಾರನಾಥಕ್ಕೋ ಹೊರಟಾಗ ಮೊದಲು ಕಾಡುವುದು ಬಟ್ಟೆಯ ಚಿಂತೆ. ಅಂಗಡಿಗೆ ಹೋಗಿ ಕೇಳುವುದು ಒಂದೇ ಮಾತು: "ಇದ್ದುದರಲ್ಲಿ ದಪ್ಪದ್ದು ತೋರಿಸಿ ಮಾರಾಯ್ರೇ." ಮನೆಮಂದಿಗೆಲ್ಲ ಒಂದೊಂದು ದಪ್ಪ ಜಾಕೆಟ್ ಕೊಳ್ಳುವಷ್ಟರಲ್ಲಿ ರೈಲು ಟಿಕೆಟಿಗಿಂತ ಹೆಚ್ಚು ಹಣ ಖರ್ಚಾಗಿರುತ್ತದೆ. ವಾರದ ಪ್ರವಾಸ ಮುಗಿದ ಮೇಲೆ ಆ ಜಾಕೆಟ್ ಕಪಾಟು ಸೇರುತ್ತದೆ, ಮುಂದಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಈ ಖರೀದಿಯ ಕ್ರಮವೇ ತಿರುವುಮುರುವಾಗಿದೆ ಎಂಬುದು ನನ್ನ ವಾದ. ಕರಾವಳಿಯವರು ಸ್ವಂತಕ್ಕೆ ಕೊಳ್ಳಬೇಕಾದದ್ದು ಮೈಗೆ ತಾಗುವ ಬಟ್ಟೆಯನ್ನು ಮತ್ತು ಊರಿಗೆ ಮರಳಿದ ಮೇಲೂ ಉಪಯೋಗಕ್ಕೆ ಬರುವುದನ್ನು. ದಪ್ಪ ಕೋಟು, ಹಿಮದ ಬೂಟುಗಳನ್ನು ಹೋದಲ್ಲಿ ಬಾಡಿಗೆಗೆ ಪಡೆಯಬಹುದು.

ಇದಕ್ಕೆ ಕಾರಣ ಚಳಿ ಮೈಗೆ ತಟ್ಟುವ ರೀತಿಯಲ್ಲಿದೆ. ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ. ಮೈಯ ಬಿಸಿಯನ್ನು ಹಿಡಿದಿಡುವುದು ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ, ಅಲುಗಾಡದ ಗಾಳಿ. ಆ ಗಾಳಿಯನ್ನು ಕೆಡಿಸುವ ಶತ್ರುಗಳು ಎರಡು. ಮೊದಲನೆಯದು ಹೊರಗಿನ ಬೀಸುಗಾಳಿ. ಉಷ್ಣಾಂಶ ಸೊನ್ನೆ ಡಿಗ್ರಿ ಇದ್ದಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 6 ಡಿಗ್ರಿ ಕೆಳಗಿನ ಚಳಿಯಾಗಿ ತಟ್ಟುತ್ತದೆ. ಎರಡನೆಯದು ತೇವ. ನಿಂತ ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಬೆವರಿನಿಂದ ನೆನೆದ ಬನಿಯನ್ ಒಳಗಿದ್ದರೆ ಹೊರಗೆ ಎಷ್ಟು ದಪ್ಪದ ಜಾಕೆಟ್ ಇದ್ದರೂ ಬೆನ್ನು ತಣ್ಣಗಾಗುತ್ತದೆ. ಒಂದು ದಪ್ಪ ಜಾಕೆಟ್ಟಿಗಿಂತ ಮೂರು ತೆಳು ಪದರಗಳು ಮೇಲು ಎನ್ನುವುದು ಇದಕ್ಕೇ. ಪದರಗಳ ನಡುವೆಯೂ ಗಾಳಿ ನಿಲ್ಲುತ್ತದೆ, ನಡೆಯುವಾಗ ಒಂದನ್ನು ಕಳಚಬಹುದು, ಕುಳಿತಾಗ ಮತ್ತೆ ತೊಡಬಹುದು. ಪ್ರಯಾಣಕ್ಕೂ ಇದೇ ಅನುಕೂಲ. ಕೊಂಕಣ ರೈಲಿನಲ್ಲಿ ಕುಮಟೆಯಿಂದ ದೆಹಲಿಗೆ ಸುಮಾರು ಒಂದೂವರೆ ದಿನದ ದಾರಿ. ಹೊರಡುವಾಗ ಅಂಗಿಯೇ ಭಾರ ಎನಿಸುವ ಬಿಸಿಲು, ಇಳಿಯುವಾಗ ಮಂಜು ಕವಿದ ಬೆಳಗು, ಅಲ್ಲಿಂದ ಮುಂದೆ ಬಸ್ಸಿನಲ್ಲಿ ಬೆಟ್ಟ. ಎತ್ತರ ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ, ಕೇದಾರನಾಥ 3,583 ಮೀಟರ್ ಎತ್ತರದಲ್ಲಿ. ಎತ್ತರದ ಲೆಕ್ಕವೊಂದರಿಂದಲೇ ಕೇದಾರ ಕಡಲತೀರಕ್ಕಿಂತ 23 ಡಿಗ್ರಿ ತಂಪು.

ತೇವದ ವಿಷಯದಲ್ಲಿ ಕರಾವಳಿಯವರಿಗೆ ಹೊರಗಿನವರು ಪಾಠ ಹೇಳಬೇಕಿಲ್ಲ. ರೈನ್‌ಕೋಟು ಬರುವ ಮೊದಲು ನೆಟ್ಟಿಯ ದಿನಗಳಲ್ಲಿ ಇಲ್ಲಿನ ಗದ್ದೆಗಳಲ್ಲಿ ಕಂಬಳಿ ಕೊಪ್ಪೆ ಹೊದ್ದವರೇ ಕಾಣುತ್ತಿದ್ದರು. ಚಳ್ಳಕೆರೆಯಂಥ ಬಯಲುಸೀಮೆಯ ಊರುಗಳಲ್ಲಿ ಕುರುಬ ಸಮುದಾಯದವರು ನೇಯುವ ಒರಟು ಕಂಬಳಿಗೆ ಘಟ್ಟದ ಕೆಳಗೆ ಇದ್ದ ಬೇಡಿಕೆ ಚಳಿಗಾಗಿ ಹುಟ್ಟಿದ್ದಲ್ಲ, ಮಳೆಗಾಗಿ ಹುಟ್ಟಿದ್ದು. ಹೊರಮೈ ತೊಯ್ದರೂ ಒಳಗೆ ಬೆಚ್ಚಗಿರುತ್ತದೆ ಎಂಬ ಅನುಭವವೇ ಅದಕ್ಕೆ ಕಾರಣವಾಗಿತ್ತು. ಉಣ್ಣೆಯ ಎಳೆ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಎಳೆಯ ಸುರುಳಿಗಳು ಕುಸಿಯುವುದಿಲ್ಲ, ಅವುಗಳ ನಡುವಿನ ಗಾಳಿ ಹಾಗೇ ಉಳಿಯುತ್ತದೆ. ಹತ್ತಿಯ ಗುಣ ಇದಕ್ಕೆ ಉಲ್ಟಾ. ನೀರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಸೆಖೆಯ ನಾಡಿಗೆ ಹತ್ತಿಗಿಂತ ಒಳ್ಳೆಯ ಬಟ್ಟೆ ಇಲ್ಲ, ಚಳಿಯಲ್ಲಿ ನಡೆಯುವವರಿಗೆ ಅದಕ್ಕಿಂತ ಕೆಟ್ಟದ್ದೂ ಇಲ್ಲ. ಜೀನ್ಸ್ ಪ್ಯಾಂಟು ಕೂಡ ಹತ್ತಿಯದೇ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಹಿಮದಲ್ಲಿ ಒಮ್ಮೆ ಮೊಣಕಾಲೂರಿದರೆ ಆ ದಿನವಿಡೀ ಅದು ಆರುವುದಿಲ್ಲ.

ಹಾಗಾದರೆ ಕೊಳ್ಳಬೇಕಾದ ಮೊದಲ ವಸ್ತು ಒಳಗೆ ತೊಡುವ ಥರ್ಮಲ್, ಒಬ್ಬರಿಗೆ ಎರಡು ಜೊತೆ. ಥರ್ಮಲ್ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುವುದೆಲ್ಲ ಒಂದೇ ಅಲ್ಲ. ಕತ್ತಿನ ಹಿಂದಿನ ಪಟ್ಟಿಯಲ್ಲೋ ಪಕ್ಕದ ಹೊಲಿಗೆಯಲ್ಲೋ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು, ಉಣ್ಣೆ ಎಷ್ಟು ಎಂದು ಬರೆದಿರುತ್ತದೆ. ಹತ್ತಿಯ ಪಾಲು ಹೆಚ್ಚಿರುವುದು ಹೋಟೆಲಿನಲ್ಲಿ ಮಲಗಲು ಸಾಕು, ನಡಿಗೆಗೆ ಬೇಡ. ಪಾಲಿಯೆಸ್ಟರ್ ಬೆವರನ್ನು ಹೀರಿಕೊಳ್ಳದೆ ಹೊರಕ್ಕೆ ದಾಟಿಸುತ್ತದೆ. ಮೆರಿನೊ ಕುರಿಯ ನಯವಾದ ಉಣ್ಣೆ ಇನ್ನೂ ಮೇಲು, ಬೆಲೆಯೂ ಮೇಲು. ಯಾವುದಾದರೂ ಮೈಗೆ ಒತ್ತಿಕೊಂಡಿರಬೇಕು, ಸಡಿಲವಾದ ಥರ್ಮಲ್ಲಿನಿಂದ ಅರ್ಧ ಪ್ರಯೋಜನ. ಎರಡನೆಯ ಪದರ ಸ್ವೆಟರ್ ಅಥವಾ ಫ್ಲೀಸ್. ಇದಕ್ಕೆ ನಮ್ಮ ಜಿಲ್ಲೆಯವರು ದೂರ ಹುಡುಕಬೇಕಾಗಿಲ್ಲ. ಮುಂಡಗೋಡಿನಲ್ಲಿ 1966ರಿಂದ ನೆಲೆ ನಿಂತಿರುವ ಟಿಬೆಟನ್ನರಲ್ಲಿ ಅನೇಕ ಕುಟುಂಬಗಳಿಗೆ ಚಳಿಗಾಲದ ಸ್ವೆಟರ್ ವ್ಯಾಪಾರ ದೊಡ್ಡ ಆದಾಯದ ದಾರಿಯಾಗಿ ಬಂದಿದೆ. ಪಂಜಾಬಿನ ಲೂಧಿಯಾನದಿಂದ ಮಾಲು ತರಿಸಿ ದೇಶದ ಊರೂರುಗಳಲ್ಲಿ ಅಂಗಡಿ ಹೂಡುತ್ತಾರೆ. ಅಲ್ಲಿ ಕೊಳ್ಳುವಾಗ ಒಂದು ಸಂಗತಿ ತಿಳಿದಿರಬೇಕು: ಕಡಿಮೆ ಬೆಲೆಯ ಸ್ವೆಟರುಗಳಲ್ಲಿ ಹೆಚ್ಚಿನವು ಉಣ್ಣೆಯವಲ್ಲ, ಅಕ್ರಿಲಿಕ್‌ನವು. ಅದರಲ್ಲಿ ಮೋಸವೇನೂ ಇಲ್ಲ. ಒಣಗಿರುವಾಗ ಅಕ್ರಿಲಿಕ್ ಚೆನ್ನಾಗಿಯೇ ಬೆಚ್ಚಗಿಡುತ್ತದೆ, ಒಗೆಯುವುದೂ ಸುಲಭ. ಆದರೆ ಯಾವ ಸ್ವೆಟರಿಗೂ ಬೀಸುಗಾಳಿಯನ್ನು ತಡೆಯಲಾಗದು. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ ನೋಡಿ. ಆಚೆ ಬದಿಯ ಅಂಗೈಗೆ ಉಸಿರು ತಾಗಿದರೆ, ರೋಹ್ತಾಂಗದ ಗಾಳಿ ಈಚೆ ಬದಿಗೆ ಬರುತ್ತದೆ.

ಆ ಗಾಳಿಗೆ ಮೂರನೆಯ ಪದರ ಬೇಕು. ಕರಾವಳಿಯವರಿಗೆ ಇಲ್ಲಿ ಒಂದು ಅನುಕೂಲವಿದೆ. ಭಟ್ಕಳ, ಹೊನ್ನಾವರ, ಕುಮಟೆಯ ಪೇಟೆಗಳಲ್ಲಿ ಹಿಮದ ಕೋಟು ಹುಡುಕಿದರೂ ಸಿಗದಿರಬಹುದು, ರೈನ್‌ಕೋಟ್ ಸಿಗದ ಪೇಟೆಯಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಯಿದು. ಹಾಗಾಗಿ ಈ ಪದರಕ್ಕೆ ಮಳೆಯ ಜಾಕೆಟ್ಟನ್ನೇ ಕೊಳ್ಳಿ ಎನ್ನುತ್ತೇನೆ. ನೀರು ಒಳಬಿಡದ ಬಟ್ಟೆ ಗಾಳಿಯನ್ನೂ ಬಿಡುವುದಿಲ್ಲ. ಒಳಗೆ ಥರ್ಮಲ್ ಮತ್ತು ಸ್ವೆಟರ್ ತೊಟ್ಟು, ಅದರ ಮೇಲೆ ಹಾಕಿ ಕೈ ಎತ್ತಿ ನೋಡಿಯೇ ಅಳತೆ ಆರಿಸಬೇಕು. ಒಳಬದಿಯಲ್ಲಿ ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿರಬೇಕು, ಟೊಪ್ಪಿ ಬಿಗಿಯುವ ದಾರವಿರಬೇಕು, ಕಂಕುಳ ಕೆಳಗೆ ಜಿಪ್ ಇದ್ದರೆ ಇನ್ನೂ ಒಳ್ಳೆಯದು, ಬೆವರು ಹೊರಹೋಗುತ್ತದೆ. ಬರೀ ಪ್ಲಾಸ್ಟಿಕ್ ಹಾಳೆಯ ರೈನ್‌ಕೋಟ್ ಬೇಡ, ಅದರೊಳಗೆ ಮೈಯ ಬೆವರೇ ನೀರಾಗಿ ಇಳಿಯುತ್ತದೆ. ಒಳ್ಳೆಯ ಮಳೆ ಜಾಕೆಟ್ ಡಿಸೆಂಬರಿನಲ್ಲಿ ಮನಾಲಿಗೆ ಹೋಗಿಬಂದು ಜೂನಿನಿಂದ ಸ್ಕೂಟರಿನ ಮೇಲೆ ದುಡಿಯುತ್ತದೆ. ಅದಕ್ಕೆ ಕೊಟ್ಟ ಹಣ ಪ್ರವಾಸದ ಖರ್ಚೇ ಅಲ್ಲ.

ದಪ್ಪ ಕೋಟನ್ನು ಬಾಡಿಗೆಗೆ ತನ್ನಿ ಎಂದ ಕೂಡಲೇ ಬರುವ ಆಕ್ಷೇಪ ಶುಚಿತ್ವದ್ದು. ಯಾರೋ ತೊಟ್ಟು ಬಿಟ್ಟದ್ದನ್ನು ನಾವು ತೊಡುವುದೇ? ಆಕ್ಷೇಪ ಸರಿಯಾದದ್ದೇ. ಮನಾಲಿಯಿಂದ ಸೋಲಂಗ್ ಮತ್ತು ರೋಹ್ತಾಂಗದ ಕಡೆಗೆ ಹೋಗುವ ರಸ್ತೆಯುದ್ದಕ್ಕೂ, ಗುಲ್ಮಾರ್ಗದ ಬುಡದ ತಂಗ್ಮಾರ್ಗದಲ್ಲಿ, ಸಿಕ್ಕಿಂನ ಛಾಂಗು ಸರೋವರದ ಬಳಿ ಬಾಡಿಗೆಗೆ ಸಿಗುವ ಕೋಟು, ಗಮ್‌ಬೂಟುಗಳನ್ನು ದಿನವೂ ಒಗೆಯುವುದಿಲ್ಲ. ಆದರೆ ಬಾಡಿಗೆ ಕೋಟು ನಿಮ್ಮ ಮೈಗೆ ತಾಗುವುದೇ ಇಲ್ಲ. ನಿಮ್ಮದೇ ಥರ್ಮಲ್, ನಿಮ್ಮದೇ ಸ್ವೆಟರ್, ನಿಮ್ಮದೇ ಕಾಲುಚೀಲ, ನಿಮ್ಮದೇ ತೆಳು ಕೈಗವಸು ನಡುವೆ ಇರುತ್ತವೆ. ಮೈಗೆ ತಾಗುವುದನ್ನು ಸ್ವಂತಕ್ಕೆ ಕೊಳ್ಳಬೇಕೆಂಬ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಇನ್ನು ಕೆಲವರು, ಸ್ವಂತದ್ದಿದ್ದರೆ ಮತ್ತೆ ಮತ್ತೆ ಬಳಸಬಹುದಲ್ಲ ಎನ್ನುತ್ತಾರೆ. ಪ್ರತಿವರ್ಷ ಹಿಮಾಲಯಕ್ಕೆ ಹೋಗುವವರಿಗೆ ಅದು ನಿಜ, ಅವರು ಕೊಳ್ಳಲಿ. ನಾಲ್ಕೈದು ವರ್ಷಕ್ಕೊಮ್ಮೆ ಹೋಗುವ ಕುಟುಂಬಕ್ಕೆ ನಡುವೆ ಬರುವ ಮಳೆಗಾಲಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ತೇವದ ಗಾಳಿಯಲ್ಲಿ ಹಕ್ಕಿಪುಕ್ಕ ತುಂಬಿದ ಜಾಕೆಟ್ ಒಳಗೊಳಗೇ ಗಂಟುಕಟ್ಟುತ್ತದೆ, ಉಣ್ಣೆಗೆ ನುಸಿ ಹತ್ತುತ್ತದೆ. ಹಿಮದ ಬೂಟಿನ ಗತಿ ಇನ್ನೂ ಕೆಟ್ಟದ್ದು. ಅನೇಕ ಬೂಟುಗಳ ಅಡಿ ಪಾಲಿಯುರೆಥೇನ್‌ನದು. ಗಾಳಿಯ ತೇವಕ್ಕೆ ಅದರ ಅಣುಗಳೇ ಕಡಿದುಹೋಗುತ್ತವೆ. ಒಮ್ಮೆಯೂ ಸವೆಯದ ಬೂಟನ್ನು ವರ್ಷಗಳ ಬಳಿಕ ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡರೆ ಹತ್ತು ಹೆಜ್ಜೆಗೆ ಅಡಿ ಹಪ್ಪಳದ ಹಾಗೆ ಪುಡಿಯಾಗುತ್ತದೆ. ವಿಮಾನದಲ್ಲಿ ಹೋಗುವವರು ತೂಕವನ್ನೂ ನೋಡಬೇಕು. ಒಳನಾಡಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ ಸಾಮಾನಷ್ಟೇ.

ಬಾಡಿಗೆಯ ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ ಎಂಬುದೂ ನಿಜ. ಹಿಮದಲ್ಲಿ ಆಡಲು ಹೋಗುವ ಊರುಗಳ ಬಾಡಿಗೆ ಅಂಗಡಿಗಳನ್ನು ಕೇದಾರದ ದಾರಿಯಲ್ಲಿ ನೆಚ್ಚಿಕೊಳ್ಳಬಾರದು. ಗೌರಿಕುಂಡದಿಂದ ಕೇದಾರಕ್ಕೆ ಕಾಲುದಾರಿ ಸುಮಾರು 16 ಕಿಲೋಮೀಟರ್, ಏರು 1,600 ಮೀಟರ್. ಯಾತ್ರೆಯ ಕಾಲದಲ್ಲಿ ಮಳೆ ಯಾವ ಹೊತ್ತಿಗೂ ಬರಬಹುದು. ಬೆಳಗ್ಗೆ ಚಳಿಯೆಂದು ಎಲ್ಲವನ್ನೂ ತೊಟ್ಟು ಹೊರಟವರು ಮೊದಲ ಏರಿಗೇ ಬೆವರುತ್ತಾರೆ, ಮಧ್ಯಾಹ್ನ ಚಹಾಕ್ಕೆ ಕುಳಿತ ಹೊತ್ತಿಗೆ ಆ ಬೆವರು ತಣಿದು ನಡುಕ ಹುಟ್ಟುತ್ತದೆ. ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಬಟ್ಟೆ ತೊಡಬೇಕು, ಸ್ವೆಟರ್ ಚೀಲದ ಮೇಲ್ಭಾಗದಲ್ಲೇ ಇರಬೇಕು, ಒಣ ಥರ್ಮಲ್ಲಿನ ಒಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು ಮೇಲೆ ತಲುಪಿದ ಕೂಡಲೇ ಬದಲಿಸಬೇಕು. ಕುದುರೆ ಅಥವಾ ಡೋಲಿಯಲ್ಲಿ ಹೋಗುವ ಹಿರಿಯರ ಲೆಕ್ಕ ಬೇರೆ. ಅವರ ಮೈ ದುಡಿಯುವುದಿಲ್ಲ, ಬಿಸಿ ಹುಟ್ಟುವುದಿಲ್ಲ. ನಡೆಯುವ ಮಗನಿಗಿಂತ ಕುಳಿತು ಹೋಗುವ ಅಮ್ಮನಿಗೆ ಒಂದು ಪದರ ಹೆಚ್ಚು ಬೇಕು. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುವುದರಿಂದ ಬಿಪಿ ಇರುವವರಿಗೆ ಇದು ಬರೀ ಸುಖದ ಪ್ರಶ್ನೆಯಲ್ಲ.

ಸೀರೆ ಬಿಡಲೊಪ್ಪದ ಹಿರಿಯ ಹೆಂಗಸರನ್ನು ಪ್ಯಾಂಟು ತೊಡಿ ಎಂದು ಪೀಡಿಸಬೇಕಾಗಿಲ್ಲ. ಲಂಗದೊಳಗೆ ಥರ್ಮಲ್ ಪ್ಯಾಂಟು, ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ, ರವಿಕೆಯೊಳಗೆ ಉದ್ದತೋಳಿನ ಥರ್ಮಲ್ ಇದ್ದರೆ ಸೀರೆಯ ನೆರಿಗೆಗಳೇ ಇನ್ನೊಂದು ಪದರವಾಗುತ್ತವೆ. ತೊಂದರೆ ಇರುವುದು ಅಂಚಿನಲ್ಲಿ. ಹಿಮಕ್ಕೆ ತಾಗಿದ ಹತ್ತಿ ಸೀರೆಯ ಅಂಚು ನೀರನ್ನು ಮೇಲಕ್ಕೆ ಎಳೆಯುತ್ತದೆ. ಅದಕ್ಕೆ ಹತ್ತಿಯ ಬದಲು ಬೇಗ ಒಣಗುವ ಪಾಲಿಯೆಸ್ಟರ್ ಸೀರೆ ಉಟ್ಟು, ಕಣಕಾಲಿನಿಂದ ಒಂದು ಗೇಣು ಮೇಲೆ ನಿಲ್ಲುವಂತೆ ಉಡಬೇಕು. ಮಕ್ಕಳ ವಿಷಯದಲ್ಲಿ ಮಾತ್ರ ಬಾಡಿಗೆಯನ್ನು ನಂಬಬೇಡಿ, ಅಳತೆ ಸಿಗುವ ಖಾತ್ರಿಯಿಲ್ಲ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ಹೆಚ್ಚು, ಹಾಗಾಗಿ ಬೇಗ ಬಿಸಿ ಕಳೆದುಕೊಳ್ಳುತ್ತಾರೆ. ಹೋಗಿಬಂದ ನೆಂಟರಲ್ಲಿ ಕೇಳಿ ತರುವುದು ಒಳ್ಳೆಯ ದಾರಿ. ಒಂದೇ ವರ್ಷದಲ್ಲಿ ಗಿಡ್ಡವಾಗುವ ಕೋಟಿಗೆ ಹೊಸ ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ.

ಕಾಲಿನ ಬಗ್ಗೆ ಕೊಂಚ ವಿವರವಾಗಿ ಹೇಳಬೇಕು. ವರ್ಷವಿಡೀ ಚಪ್ಪಲಿಯಲ್ಲಿ ಓಡಾಡುವ ನಮ್ಮ ಪಾದಗಳು ಬೆರಳಿನ ಕಡೆ ಅಗಲ. ಚಳಿಗೆಂದು ಎರಡು ಜೊತೆ ಕಾಲುಚೀಲ ಹಾಕಿ ಹಳೆಯ ಶೂಗೆ ತುರುಕಿದರೆ ರಕ್ತದ ಓಡಾಟ ಕಡಿಮೆಯಾಗಿ ಬೆರಳು ಮೊದಲಿಗಿಂತ ತಣ್ಣಗಾಗುತ್ತದೆ. ದಪ್ಪದ ಒಂದೇ ಜೊತೆ ಉಣ್ಣೆ ಕಾಲುಚೀಲವನ್ನು ಮೊದಲು ಕೊಂಡು, ಅದನ್ನು ಹಾಕಿಕೊಂಡೇ ಶೂ ಅಂಗಡಿಗೆ ಸಂಜೆ ಹೊತ್ತು ಹೋಗಬೇಕು. ದಿನದ ಓಡಾಟದಿಂದ ಪಾದ ಊದಿಕೊಂಡಿರುವ ಹೊತ್ತದು. ಒಳಗೆ ಬೆರಳಾಡಿಸಲು ಬಂದರೆ ಅಳತೆ ಸರಿ. ತಲೆಯ ಬಗ್ಗೆ ಇರುವ ಭಯ ಅತಿಯಾದದ್ದು. ಮೈಯ ಬಿಸಿಯಲ್ಲಿ ಅರ್ಧ ತಲೆಯಿಂದಲೇ ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ, ಹೋಗುವುದು ಸುಮಾರು ಹತ್ತನೇ ಒಂದು ಭಾಗ. ಆದರೂ ಕಿವಿ, ಕುತ್ತಿಗೆ ಮುಚ್ಚುವ ಒಂದು ಮಂಕಿ ಕ್ಯಾಪ್ ಮತ್ತು ಮಫ್ಲರ್ ಕೊಡುವ ನೆಮ್ಮದಿಗೆ ಹೋಲಿಸಿದರೆ ಅವುಗಳ ಬೆಲೆ ಏನೇನೂ ಅಲ್ಲ.

ತೆರಿಗೆಯೂ ಈಗ ಪದರಗಳ ಪರವಾಗಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇಕಡಾ 5 ಜಿಎಸ್‌ಟಿ, ಅದನ್ನು ಮೀರಿದ ಉಡುಪಿಗೆ ಶೇಕಡಾ 18. ಥರ್ಮಲ್, ಸ್ವೆಟರ್, ಸಾಧಾರಣ ಮಳೆ ಜಾಕೆಟ್ ಬೇರೆ ಬೇರೆಯಾಗಿ ಕೆಳಗಿನ ದರದಲ್ಲೇ ಮುಗಿಯಬಹುದು, ದೊಡ್ಡ ಜಾಕೆಟ್ ಮುಗಿಯುವುದಿಲ್ಲ. ಯಾವಾಗ ಕೊಳ್ಳಬೇಕು ಎಂಬುದನ್ನು ಮಾತ್ರ ಮುಂಚೆಯೇ ಯೋಚಿಸಬೇಕು. ಡಿಸೆಂಬರ್ ರಜೆಗೆ ಮನಾಲಿಗೆ ಹೋಗುವವರಿಗೆ ಹುಬ್ಬಳ್ಳಿಯ ಚಳಿಗಾಲದ ಅಂಗಡಿಗಳು ಸರಿಯಾದ ಹೊತ್ತಿಗೆ ತೆರೆದಿರುತ್ತವೆ. ಕೇದಾರಕ್ಕೆ ಜನ ಹೋಗುವುದು ಮೇ, ಜೂನಿನಲ್ಲಿ. ಆ ಹೊತ್ತಿಗೆ ನಮ್ಮ ಕಡೆ ಸ್ವೆಟರ್ ಕೇಳಿದರೆ ಅಂಗಡಿಯವರೇ ಅಚ್ಚರಿಪಡುತ್ತಾರೆ. ಬೇಸಿಗೆಯ ಯಾತ್ರೆಗೆ ಬೇಕಾದ ಉಣ್ಣೆಯನ್ನು ಜನವರಿಯೊಳಗೆ ಕೊಂಡಿಡಬೇಕು, ಆಗ ಉಳಿದ ಮಾಲಿನ ಬೆಲೆಯೂ ಇಳಿದಿರುತ್ತದೆ. ಕೊಂಡದ್ದನ್ನು ಯಾತ್ರೆಯ ಬಳಿಕ ಒಗೆದು, ಮಳೆ ಹಿಡಿಯುವ ಮೊದಲೇ ಎರಡು ದಿನ ಗಾಳಿಬಿಸಿಲಿಗೆ ಹರವಿ, ಬಾಯಿ ಬಿಗಿದ ಡಬ್ಬದಲ್ಲಿ ನುಸಿಗುಳಿಗೆಯ ಜೊತೆ ಇಟ್ಟರೆ ಅಕ್ಟೋಬರಿನ ಬಿಸಿಲು ಬರುವವರೆಗೆ ತೆರೆಯಬೇಕಾಗಿಲ್ಲ.