ನೀಲಿ ಚಿಟ್ಟೆಯ ಕೇಸ್ ಹಿಸ್ಟರಿ

ಕಳೆದ ಜೂನ್‌ನ ಒಂದು ಭಾನುವಾರ ಬಿಸಿಲು ಬಿದ್ದದ್ದೇ ತಡ, ಪುಳಿಯೋಗರೆ ಕಟ್ಟಿಕೊಂಡು ನಾನೂ ನನ್ನಾಕೆಯೂ ಸಾಮರ್ಸೆಟ್‌ನ ಕೊಲಾರ್ಡ್ ಹಿಲ್‌ಗೆ ಹೊರಟೆವು. ನ್ಯಾಷನಲ್ ಟ್ರಸ್ಟ್‌ನವರ ಈ ಗುಡ್ಡದಲ್ಲಿ 'ಲಾರ್ಜ್ ಬ್ಲೂ' ಚಿಟ್ಟೆ ಕಾಣಸಿಗುತ್ತದೆ.

ಇಳಿಜಾರಿನಲ್ಲಿ ನೇರಳೆ ಬಣ್ಣದ ಪುಟಾಣಿ ಕಾಡು ಥೈಮ್ ಹೂಗಳು. ಥೈಮಾಲ್ ಎಂಬ ಹೆಸರು ಬಂದದ್ದೇ ಥೈಮ್‌ನಿಂದ; ನಮ್ಮ ಓಮದ ಘಾಟೂ ಅದರದ್ದೇ. ಚಿಟ್ಟೆ ಈ ಮೊಗ್ಗುಗಳ ಮೇಲೆ ಮೊಟ್ಟೆಯಿಡುತ್ತದೆ. ಹುಳು ಕೆಲವು ವಾರ ಹೂ ತಿಂದು ನೆಲಕ್ಕೆ ಬೀಳುತ್ತದೆ. ಒಂದು ಜಾತಿಯ ಕೆಂಪಿರುವೆ ಅದನ್ನು ತನ್ನ ಮರಿಯೆಂದೇ ನಂಬಿ ಗೂಡಿಗೆ ಹೊತ್ತೊಯ್ಯುತ್ತದೆ. ಬಂದ ಅತಿಥಿ ತಿನ್ನುವುದು ಇರುವೆಯ ಮರಿಗಳನ್ನೇ!

ಹಿಂದೆ, ಚಿಟ್ಟೆ ಹಿಡಿಯುವ ಸಂಗ್ರಾಹಕರನ್ನು ತಡೆಯಲೆಂದು ಕೆಲವು ಕಡೆ ಬೇಲಿ ಹಾಕಿದರು. ದನಗಳೂ ಹೊರಗುಳಿದವು. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗಕ್ಕೆ ಮೊಲಗಳೂ ಸತ್ತವು. ಹುಲ್ಲು ಎತ್ತರವಾಯಿತು, ನೆಲ ತಂಪಾಯಿತು, ಬಿಸಿನೆಲ ಬೇಕಾದ ಆ ಇರುವೆ ಕಡಿಮೆಯಾಯಿತು; 1979ರಲ್ಲಿ ಬ್ರಿಟನ್ನಿನಿಂದ ಚಿಟ್ಟೆಯೇ ಹೋಯಿತು. ವಿಜ್ಞಾನಿ ಜೆರೆಮಿ ಥಾಮಸ್ ಕಾರಣ ಪತ್ತೆಹಚ್ಚುವ ಹೊತ್ತಿಗೆ ರೋಗಿ ಕೈಮೀರಿತ್ತು. ರೋಗಕ್ಕಿಂತ ಔಷಧಿಯೇ ಮುಳುವಾದ ಕೇಸುಗಳನ್ನು ನಾನೂ ಕಂಡಿದ್ದೇನೆ. ಒಂದೆರಡರಲ್ಲಿ ಚೀಟಿ ಬರೆದವನೂ ನಾನೇ.

ಆಮೇಲೆ ಸ್ವೀಡನ್ನಿನಿಂದ ತಂದ ಸಂತತಿಯನ್ನು 2000ರಲ್ಲಿ ಈ ಗುಡ್ಡಕ್ಕೂ ಬಿಟ್ಟರು. ಈಗ ದನ ಮೇಯಿಸಿ ಹುಲ್ಲನ್ನು ಗಿಡ್ಡವಾಗಿಡುತ್ತಾರೆ.

ಎರಡು ಗಂಟೆ ಕಾದ ಮೇಲೆ ನನ್ನ ಬೂಟಿನ ಹತ್ತಿರವೇ ಒಂದು ಕುಳಿತಿತು. ನೀಲಿ ರೆಕ್ಕೆ, ಮೇಲೆ ಕಪ್ಪು ಚುಕ್ಕೆ. ಕ್ಯಾಮೆರಾ ತೆಗೆಯುವಷ್ಟರಲ್ಲಿ ಹಾರಿಹೋಯಿತು. ಬೆನ್ನಟ್ಟಲು ಹೊರಟವನನ್ನು ನನ್ನಾಕೆ ತೋಳು ಹಿಡಿದು ನಿಲ್ಲಿಸಿದಳು: "ನೋಡ್ಕೊಂಡು ಕಾಲಿಡಿ ಅಂದ್ರೆ, ಕೆಳಗೆ ಇರುವೆ ಇವೆ!"