ಆದಾಯ ಮತ್ತು ವಹಿವಾಟು: ಇತ್ತೀಚಿನ ತೆರಿಗೆ ವ್ಯತ್ಯಾಸಗಳ ವಿಚಾರ

ಕೇಂದ್ರ ಸರ್ಕಾರದ ಆಯವ್ಯಯವು ಮಂಡಿತವಾದ ಮರುದಿನ ವೃತ್ತಪತ್ರಿಕೆಗಳಲ್ಲಿ ವಿನಾಯಿತಿ, ರಿಯಾಯಿತಿ, ಆದಾಯ, ವಹಿವಾಟು ಎಂಬ ಶಬ್ದಗಳು ಒಂದರ ಸ್ಥಾನದಲ್ಲಿ ಮತ್ತೊಂದಾಗಿ ಪ್ರಯುಕ್ತವಾಗುವುದು ವಾಚಕರಿಗೆ ವಿದಿತವೇ ಆಗಿದೆ. ಸಾಹಿತ್ಯಾಧ್ಯಾಪಕರಿಗೆ ಇದು ಶಬ್ದಶೈಥಿಲ್ಯವೆಂದು ಮಾತ್ರ ತೋರಬಹುದು. ಅಂಗಡಿಯಿಟ್ಟು ಬಾಳುವವನಿಗಾದರೋ ಇದರಿಂದ ದ್ರವ್ಯನಷ್ಟವೇ ಉಂಟಾಗುತ್ತದೆ. ೨೦೨೫ರಲ್ಲಿ ಬೆಂಗಳೂರಿನ ಪಶ್ಚಿಮಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ವೇತನದಾರರಿಗೂ ಚಿಲ್ಲರೆ ವ್ಯಾಪಾರಿಗಳಿಗೂ ಒದಗಿದ ಭಿನ್ನಭಿನ್ನ ಫಲಗಳನ್ನು ಈ ಶಬ್ದಗಳ ಅರ್ಥವಿವೇಚನೆಯ ಮೂಲಕ ನಿರೂಪಿಸುವುದು ಈ ಲೇಖನದ ಉದ್ದೇಶ.

ನಮ್ಮ ಶಾಸನಗಳಲ್ಲಿ ಯಾವುದನ್ನು ಅಳೆದು ತೆರಿಗೆಯನ್ನು ಎತ್ತುತ್ತಿದ್ದರೋ ಅದು ಬಹುಮಟ್ಟಿಗೆ ತೆರಿಗೆಯ ಹೆಸರಿನಲ್ಲಿಯೇ ಇರುತ್ತಿತ್ತು. ಗಾಣದೆರೆಗೆ ಗಾಣವೇ ಅಳತೆ. ಮಗ್ಗದೆರೆಗೆ ಮಗ್ಗವೇ ಅಳತೆ. ಸರಕಿನ ಮೇಲಣ ದೊಡ್ಡ ಸುಂಕಕ್ಕೆ ಹೆಜ್ಜುಂಕವೆಂದೂ ಚಿಲ್ಲರೆ ಸುಂಕಗಳಿಗೆ ಕಿಱುಕುಳವೆಂದೂ ವ್ಯವಹಾರವಿತ್ತು. (ಈ ಕಡೆಯ ಶಬ್ದವು ಇಂದು ಪೀಡೆಯೆಂಬ ಅರ್ಥದಲ್ಲಿ ರೂಢವಾಗಿರುವುದನ್ನು ಚಿಲ್ಲರೆ ವ್ಯಾಪಾರಿಗಳು ಕೇಳಿದರೆ ಆಶ್ಚರ್ಯಪಡಲಾರರು.) ಇಂದಿನ ತೆರಿಗೆಗಳಿಗೂ ಅಳತೆಗಳುಂಟು. ಆದಾಯ ತೆರಿಗೆಗೆ ಖರ್ಚು ಕಳೆದು ಉಳಿದ ಲಾಭವು ಅಳತೆ. ಸರಕು ಮತ್ತು ಸೇವಾ ತೆರಿಗೆಗೆ, ಅಂದರೆ ಜಿ.ಎಸ್.ಟಿ.ಗೆ, ಮಾರಾಟದ ಒಟ್ಟು ಮೊತ್ತವು ಅಳತೆ. ಮೊದಲನೆಯದನ್ನು ಸಂಸತ್ತಿನ ಆಯವ್ಯಯವು ನಿರ್ಣಯಿಸುತ್ತದೆ. ಎರಡನೆಯದರ ದರಗಳನ್ನು ೨೦೧೬ರ ಸಂವಿಧಾನ ತಿದ್ದುಪಡಿಯಿಂದ ಏರ್ಪಟ್ಟ ಜಿ.ಎಸ್.ಟಿ. ಮಂಡಲಿಯು ಶಿಫಾರಸು ಮಾಡುತ್ತದೆ. ಆದುದರಿಂದ ಆಯವ್ಯಯದ ದಿನ ಅದರ ಸುದ್ದಿಯನ್ನು ನಿರೀಕ್ಷಿಸುವುದು ವ್ಯರ್ಥ.

೨೦೨೫ನೆಯ ಫೆಬ್ರವರಿ ೧ರಂದು ಮಂಡಿತವಾದ ಆಯವ್ಯಯದಲ್ಲಿ, ಹೊಸ ಪದ್ಧತಿಯನ್ನು ಅವಲಂಬಿಸಿದವರಿಗೆ ೧೨ ಲಕ್ಷ ರೂಪಾಯಿಗಳವರೆಗೆ ಆದಾಯ ತೆರಿಗೆಯಿಲ್ಲವೆಂದು ಸಾರಲಾಯಿತು. ಇದನ್ನು ಅನೇಕರು ವಿನಾಯಿತಿಯೆಂದು ಬರೆದರು. ವಸ್ತುತಃ ವಿನಾಯಿತಿಯಿರುವುದು ೪ ಲಕ್ಷದವರೆಗೆ ಮಾತ್ರ. ಅಲ್ಲಿಂದ ೮ ಲಕ್ಷದವರೆಗೆ ನೂರಕ್ಕೆ ೫ರಂತೆ ೨೦,೦೦೦, ೮ರಿಂದ ೧೨ ಲಕ್ಷದವರೆಗೆ ನೂರಕ್ಕೆ ೧೦ರಂತೆ ೪೦,೦೦೦, ಅಂತು ೬೦,೦೦೦ ರೂಪಾಯಿಗಳ ತೆರಿಗೆಯು ಉತ್ಪನ್ನವಾಗಿಯೇ ಆಗುತ್ತದೆ. ಅನಂತರ ಅಷ್ಟೇ ಮೊತ್ತದ ರಿಯಾಯಿತಿಯಿಂದ ಅದು ನಿವೃತ್ತವಾಗುತ್ತದೆ. ಹುಟ್ಟದಿರುವುದು ಬೇರೆ, ಹುಟ್ಟಿ ಲಯಿಸುವುದು ಬೇರೆ. ಈ ಭೇದವು ಕೇವಲ ತಾರ್ಕಿಕವಲ್ಲ. ೪ ಲಕ್ಷವನ್ನು ಮೀರಿದ ಆದಾಯವುಳ್ಳವನು ತೆರಬೇಕಾದುದು ಸೊನ್ನೆಯಾದರೂ ಲೆಕ್ಕಪತ್ರವನ್ನು ಸಲ್ಲಿಸತಕ್ಕದ್ದು. ಷೇರು ಮಾರಿ ಬಂದ ಲಾಭದಂತೆ ಪ್ರತ್ಯೇಕ ದರವುಳ್ಳ ಆದಾಯಕ್ಕೆ ಈ ರಿಯಾಯಿತಿಯು ಅನ್ವಯಿಸದು. ವೇತನದಾರರಿಗೆ ೭೫,೦೦೦ದ ನಿಯತ ಕಡಿತವಿರುವುದರಿಂದ ೧೨,೭೫,೦೦೦ದವರೆಗೆ ತೆರಿಗೆಯ ಭಾರವಿಲ್ಲ. ನಮ್ಮ ಅಧ್ಯಾಪಕವರ್ಗದಲ್ಲಿ ಬಹುಮಂದಿಗೆ ಇದರಿಂದ ನಿಜವಾದ ಉಪಕಾರವೇ ಆಗಿದೆ.

ಇನ್ನು ಅಂಗಡಿಯ ವಿಚಾರ. ವಿಜಯನಗರದಲ್ಲಿ ಹಾಲು, ಬಿಸ್ಕತ್ತು ಮಾರುವ ಒಬ್ಬ ವ್ಯಾಪಾರಿಯನ್ನು ಉದಾಹರಣಾರ್ಥವಾಗಿ ಕಲ್ಪಿಸಿಕೊಳ್ಳೋಣ. ದಿನಕ್ಕೆ ೧೨,೦೦೦ ರೂಪಾಯಿಗಳ ಮಾರಾಟವಾದರೆ ವರ್ಷಕ್ಕೆ ೪೩,೮೦,೦೦೦ ಆಗುತ್ತದೆ. ರೂಪಾಯಿಗೆ ಎಂಟು ಪೈಸೆ ಉಳಿದರೆ ಅವನ ಲಾಭ ೩,೫೦,೪೦೦. ಇದು ೪ ಲಕ್ಷದೊಳಗಿರುವುದರಿಂದ ಆದಾಯ ತೆರಿಗೆಯು ಅವನನ್ನು ಮುಟ್ಟದು. ಆದರೆ ಸರಕು ಮಾರುವವರಿಗೆ ಜಿ.ಎಸ್.ಟಿ. ನೋಂದಣಿಯ ಮಿತಿಯು ೪೦ ಲಕ್ಷದ ವಹಿವಾಟು (ಸೇವೆಗೆ ೨೦ ಲಕ್ಷ). ಆ ಮಿತಿಯನ್ನು ಅವನು ದಾಟಿದ್ದಾನೆ. ಹಾಲಿಗೆ ತೆರಿಗೆಯಿಲ್ಲ; ಆದರೂ ಇತರ ಸರಕುಗಳನ್ನೂ ಮಾರುವವನ ವಹಿವಾಟನ್ನು ಎಣಿಸುವಾಗ ಹಾಲಿನ ಮಾರಾಟವೂ ಸೇರುತ್ತದೆ. ಹಾಲನ್ನೋ ಹಸಿ ತರಕಾರಿಯನ್ನೋ ಮಾತ್ರ ಮಾರುವವನಿಗೆ ನೋಂದಣಿಯೇ ಅನಾವಶ್ಯಕ.

ನಮ್ಮ ವ್ಯಾಪಾರಿಯ ಮಾರಾಟದಲ್ಲಿ ಅರ್ಧ ಹಾಲೆಂದಿಟ್ಟುಕೊಂಡರೆ, ಉಳಿದರ್ಧವು ೨೧,೯೦,೦೦೦. ರಾಜಿ ತೆರಿಗೆ ಪದ್ಧತಿಯನ್ನು ಮುಂಚಿತವಾಗಿ ಆರಿಸಿಕೊಂಡಿದ್ದರೆ ನೂರಕ್ಕೆ ಒಂದರಂತೆ ೨೧,೯೦೦ ರೂಪಾಯಿಗಳಿಂದ ಅವನು ಋಣಮುಕ್ತನು. ನೋಂದಣಿಯೇ ಇಲ್ಲದೆ ವರ್ಷಗಳು ಕಳೆದು, ಬಿಸ್ಕತ್ತಿಗೆ ಆಗ ಇದ್ದ ನೂರಕ್ಕೆ ೧೮ರ ದರವನ್ನು ಆ ಮೊತ್ತದ ಮೇಲೆ ನೇರವಾಗಿ ಹೂಡಿದರೆ ೩,೯೪,೨೦೦ ಆಗುತ್ತದೆ. ಇದು ಅವನ ಇಡೀ ವರ್ಷದ ಲಾಭಕ್ಕಿಂತ ಅಧಿಕ. ಮೊದಲೇ ಸಾಮಾನ್ಯ ನೋಂದಣಿ ಮಾಡಿಸಿದ್ದರೆ ಕೊಳ್ಳುವಾಗ ತೆತ್ತ ತೆರಿಗೆಯನ್ನಾದರೂ ಕಳೆಯಬಹುದಾಗಿತ್ತು. ಜಿಗಣೆ, ಕರು, ದುಂಬಿಗಳಂತೆ ಸ್ವಲ್ಪಸ್ವಲ್ಪವಾಗಿ ತೆಗೆದುಕೊಳ್ಳಬೇಕೆಂಬುದು ಮನುಸ್ಮೃತಿಯ ಏಳನೆಯ ಅಧ್ಯಾಯದ ಮತ. ನಾಲ್ಕು ವರ್ಷ ಸುಮ್ಮನಿದ್ದು ಒಮ್ಮೆಗೇ ಕೇಳುವುದು ಆ ದೃಷ್ಟಾಂತಗಳಲ್ಲಿ ಯಾವುದಕ್ಕೂ ಸೇರದು.

೨೦೨೫ನೆಯ ಜುಲೈ ತಿಂಗಳಲ್ಲಿ ಸಂಭವಿಸಿದ್ದು ಇಂತಹುದೇ. ೨೦೨೧-೨೨ರಿಂದ ೨೦೨೪-೨೫ರವರೆಗಿನ ಯು.ಪಿ.ಐ. ಜಮೆಗಳ ವಿವರವನ್ನು ಪಡೆದು, ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಸಹಸ್ರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳನ್ನು ಕಳುಹಿಸಿತು. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಚೀಟಿಗಳು ಮಾಯವಾಗಿ ನಗದು ಮಾತ್ರವೆಂಬ ಫಲಕಗಳು ತೂಗಿದುವು. ಜುಲೈ ೨೩ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಪ್ರತಿನಿಧಿಗಳೊಡನೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ತಿಳಿಸಿದ ಮೇಲೆ ಕ್ಷೋಭೆಯು ಶಮನವಾಯಿತು. ನೋಟೀಸುಗಳಲ್ಲಿಯೂ ಒಂದು ಶಬ್ದದೋಷವಿತ್ತೆಂದು ನನ್ನ ಅಭಿಪ್ರಾಯ. ಕೈಸಾಲವೂ ಮನೆಯವರು ಕಳುಹಿದ ಹಣವೂ ಖಾತೆಯಲ್ಲಿ ಜಮೆಯಾಗುತ್ತವೆ, ಅವು ಮಾರಾಟವಲ್ಲ. ಜಮೆಯೇ ವಹಿವಾಟಲ್ಲ, ವಹಿವಾಟೇ ಆದಾಯವಲ್ಲ.

ಹಾಗಾದರೆ ಯು.ಪಿ.ಐ.ಯನ್ನು ತ್ಯಜಿಸಿದರೆ ಸಾಲದೇ ಎಂಬುದು ಪೂರ್ವಪಕ್ಷ. ಸಾಲದು. ತೆರಿಗೆಯ ಹೊಣೆಯು ಮಾರಾಟದಿಂದ ಹುಟ್ಟುತ್ತದೆಯೇ ಹೊರತು ಹಣ ಬಂದ ದಾರಿಯಿಂದಲ್ಲ; ನಗದೂ ವಹಿವಾಟೇ. ಮತ್ತು ಲೆಕ್ಕದ ಪುಸ್ತಕವಿಡದ ಸಣ್ಣ ವ್ಯಾಪಾರಿಗೆ ಆದಾಯ ತೆರಿಗೆಯ ಕಾನೂನು ಊಹಿಸುವ ಕನಿಷ್ಠ ಲಾಭವು ನಗದಿನ ಮಾರಾಟಕ್ಕೆ ನೂರಕ್ಕೆ ೮, ಡಿಜಿಟಲ್ ಮಾರ್ಗದಿಂದ ಬಂದುದಕ್ಕೆ ೬. ಮೇಲಿನ ಅಂಗಡಿಗೆ ಇದು ೩,೫೦,೪೦೦ ಮತ್ತು ೨,೬೨,೮೦೦ ಎಂಬ ಅಂತರ. ಫಲಕವನ್ನು ತೂಗಿಸಿದವನು ತನ್ನ ಊಹಿತ ಲಾಭವನ್ನು ತಾನೇ ಹೆಚ್ಚಿಸಿಕೊಂಡಂತಾಯಿತು.

ಅದೇ ವರ್ಷ ಸೆಪ್ಟೆಂಬರ್ ೨೨ರಿಂದ ಜಿ.ಎಸ್.ಟಿ.ಯ ೧೨ ಮತ್ತು ೨೮ರ ದರಗಳು ಬಹುತೇಕ ಲುಪ್ತವಾಗಿ ೫, ೧೮ ಮುಖ್ಯವಾಗಿ ಉಳಿದುವು. ಬಿಸ್ಕತ್ತು, ಕೇಕುಗಳು ೧೮ರಿಂದ ೫ಕ್ಕೆ ಇಳಿದುವು; ಶಾಲಾ ಬಾಲಕರ ಪೆನ್ಸಿಲು, ನೋಟುಪುಸ್ತಕಗಳಿಗೂ ವ್ಯಕ್ತಿಗತ ಜೀವವಿಮೆ, ಆರೋಗ್ಯವಿಮೆಗಳಿಗೂ ತೆರಿಗೆ ಇಲ್ಲವಾಯಿತು. ಕೊಳ್ಳುವವನಿಗೆ ಇದು ಲಾಭ. ಮಾರುವವನಿಗೆ ದಾಸ್ತಾನಿನ ಪ್ರಶ್ನೆ ಉಳಿಯಿತು. ೧,೦೦೦ ರೂಪಾಯಿ ಮೂಲಬೆಲೆಯ ಬಿಸ್ಕತ್ತನ್ನು ೧,೧೮೦ ಕೊಟ್ಟು ಕೊಂಡಿದ್ದ ಸಾಮಾನ್ಯ ನೋಂದಾಯಿತನಿಗೆ ಆ ೧೮೦ ತನ್ನ ತೆರಿಗೆ ಖಾತೆಯಲ್ಲಿ ಸಲ್ಲುತ್ತದೆ. ರಾಜಿ ಪದ್ಧತಿಯವನಿಗೆ ಆ ಹಕ್ಕಿಲ್ಲ. ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ಕೇಳುವಂತೆಯೂ ಇಲ್ಲ. ಪಕ್ಕದ ಅಂಗಡಿಯವನು ಹೊಸ ಸರಕನ್ನು ೧,೦೫೦ಕ್ಕೆ ತಂದು ಮಾರುತ್ತಿರುವಾಗ ಇವನು ಅದೇ ಬೆಲೆಗೆ ಇಳಿದರೆ, ತಯಾರಕರು ತುಂಬಿಕೊಡದ ಪಕ್ಷದಲ್ಲಿ, ಪ್ರತಿ ಸಾವಿರಕ್ಕೆ ೧೩೦ ರೂಪಾಯಿಗಳು ಅವನ ಕೈಯಿಂದಲೇ ಹೋಗುತ್ತವೆ.